ಸುಣ್ಣದಂಗಡಿಯ ಮನೆಗೆ ಕ್ಯಾಲ್ಸಿಯಂ ಕೊರತೆ

ಆವತ್ತು ಮಾಡಿದ್ದು ಇಷ್ಟು: ಹಾಲು ಕಾಯಿಸಿದೆ. ಗವಿಪುರದ ನಮ್ಮ ಮನೆಯ ಮುಂದೆ ನೀರು ಹಾಕಿ ಚಿಕ್ಕದೊಂದು ರಂಗೋಲಿ ಎಳೆದೆ. ನಮ್ಮ ಮನೆಯವರ ಡಬ್ಬಿಗೆ ಚಪಾತಿ, ಹೀರೇಕಾಯಿ ಪಲ್ಯ ಕಟ್ಟಿದೆ. ಮೇಲಿನ ಟ್ಯಾಂಕು ತುಂಬುವ ತನಕ ಕಾದು ಮೋಟರ್ ಆರಿಸಿದೆ. ಕುಚ್ಚು ಕಟ್ಟಲು ಯಾರೋ ಕೊಟ್ಟಿದ್ದ ಹಸಿರು ಸೀರೆಯನ್ನೂ ದಾರದ ಉಂಡೆಗಳನ್ನೂ ಚೀಲಕ್ಕೆ ಹಾಕಿಕೊಂಡೆ. ಆಟೋ ಹಿಡಿದು ಚಾಮರಾಜಪೇಟೆಯ ತಂಗಿಯ ಮನೆಗೆ ಬಂದೆ. ಅವಳಿಗೆ ಬಿಸಿನೀರಿನ ಬ್ಯಾಗು ತುಂಬಿಕೊಟ್ಟೆ, ಗಂಜಿ ಮಾಡಿಕೊಟ್ಟೆ. ಅವಳ ಅತ್ತೆಯ ಎದುರು ಕೂತು ಮೆಂತ್ಯದ ಸೊಪ್ಪು ಬಿಡಿಸಿದೆ. ಒಣಗಿದ ಬಟ್ಟೆ ಮಡಿಚಿದೆ. ಮಿಕ್ಕ ಹೊತ್ತೆಲ್ಲ ಕುಚ್ಚು ಕಟ್ಟುತ್ತ ಫೋನಿನ ಕಡೆ ನೋಡುತ್ತಿದ್ದೆ.

ಆ ಫೋನು ತಂಗಿಯದು. ಐವಿಎಫ್ ಸೆಂಟರಿನ ಲ್ಯಾಬಿನಿಂದ ಕರೆ ಬರಬೇಕಿತ್ತು. ಹಿಂದಿನ ದಿನ ಅವಳ ಹೊಟ್ಟೆಯಿಂದ ಏಳು ಅಂಡ ತೆಗೆದಿದ್ದರು. ಅವಳ ಗಂಡನ ವೀರ್ಯಾಣುಗಳನ್ನು ಸೂಜಿಯಲ್ಲಿ ಹಿಡಿದು, ಒಂದು ಅಂಡಕ್ಕೆ ಒಂದರಂತೆ ಒಳಗೆ ಬಿಟ್ಟಿದ್ದರು. ಒಂದು ರಾತ್ರಿ ಕಳೆಯಲಿ, ಎಷ್ಟು ಫಲಿಸಿವೆ ಎಂದು ನೋಡಿ ಫೋನ್ ಮಾಡುತ್ತೇವೆ ಎಂದಿದ್ದರು. ಹಿಂದೊಮ್ಮೆ ಇಷ್ಟೂ ಆಗಿ ಒಂದೂ ಫಲಿಸಿರಲಿಲ್ಲ. ತಂಗಿಗೆ ನಲವತ್ತು ಹತ್ತಿರ ಬಂದಿತ್ತು. ಸೂಜಿ ಚುಚ್ಚಿಸಿಕೊಂಡ ಹೊಟ್ಟೆಯನ್ನು ತೋರಿಸಿ, "ಇದೇ ಕೊನೆ ಅಕ್ಕಾ. ಇನ್ನೊಂದ್ಸಲ ಅಂದ್ರೆ ನನ್ ಕೈಲಾಗಲ್ಲ" ಎಂದು ಅವಳು ನನಗೂ ಹೇಳಿದ್ದಳು, ಗಂಡನಿಗೂ ಹೇಳಿದ್ದಳು. ಮಗು ಬೇಕೆಂದು ಅವಳಷ್ಟು ಆಸೆಪಟ್ಟವರನ್ನು ನಾನು ಕಂಡಿಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು, ಯಾವುದಕ್ಕೂ ಹೆಚ್ಚು ಮಾತಾಡುವವಳಲ್ಲ. ಅವಳು ಕೊನೆ ಎಂದರೆ ಕೊನೆಯೇ.

ಅಂಡ ಎಂದು ನಾನು ಇಲ್ಲಿ ಬರೆಯುತ್ತಿದ್ದೇನೆ. ಆ ಮನೆಯಲ್ಲಿ ಆ ಮಾತು ಆಡುತ್ತಿರಲಿಲ್ಲ. ಮೊಟ್ಟೆ ಎನ್ನುವಂತಿಲ್ಲ, ಎಗ್ ಎಂದರೂ ತಂಗಿಯ ಅತ್ತೆ ಮುಖ ಹಿಂಡಿಕೊಳ್ಳುತ್ತಿದ್ದರು. ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಹಾಕದ ಹೆಂಗಸು. ಡಾಕ್ಟರು ಎಗ್ ಎಗ್ ಎನ್ನುವುದನ್ನು ಕೇಳಿ ಕೇಳಿ ಸಾಕಾಗಿ, ಅವರೇ ಒಂದು ಹೆಸರಿಟ್ಟುಕೊಂಡರು. "ಎಷ್ಟು ಕಾಳು ಸಿಕ್ತಂತೆ?" ಎಂದು ಕೇಳುವರು. ನಾವೂ ಕಾಳು ಎನ್ನುವುದನ್ನೇ ರೂಢಿ ಮಾಡಿಕೊಂಡೆವು. ಹಿಂದಿನ ದಿನ ತಂಗಿ ಅರಿವಳಿಕೆಯ ಮಂಪರಿನಲ್ಲಿ ಕಣ್ಣು ಬಿಟ್ಟು ಮೊದಲು ಕೇಳಿದ್ದೂ ಹಾಗೆಯೇ: "ಕಾಳು ಎಷ್ಟು?" ಅಲ್ಲಿದ್ದ ನರ್ಸಮ್ಮ, ಪಾಪ, ಹಸಿವಾಗಿದೆ ಎಂದುಕೊಂಡಳು.

ಈ ಮನೆಯವರದು ಪೇಟೆಯಲ್ಲಿ ಹಳೆಯ ಅಂಗಡಿ. ತಂಗಿಯ ಗಂಡನ ತಾತ ಇಟ್ಟದ್ದು. ಸುಣ್ಣ, ಕಾವಿ, ಕೆಮ್ಮಣ್ಣು, ರಂಗೋಲಿ ಪುಡಿ. ಈಗ ಬಣ್ಣದ ಡಬ್ಬಿಗಳೂ ಗೋಡೆಗೆ ಬಳಿಯುವ ಪುಟ್ಟಿಯೂ ಮುಂದೆ ಕೂತಿವೆ. ಸುಣ್ಣ ಹಿಂದಕ್ಕೆ ಸರಿದಿದೆ. ಆದರೂ ಎಲೆ ಅಡಿಕೆಯ ಸುಣ್ಣವನ್ನು ಇವರ ಅಂಗಡಿಯಿಂದಲೇ ಒಯ್ಯುವ ಬೀಡಾ ಅಂಗಡಿಗಳು ಇನ್ನೂ ಇವೆ. ಆ ಸುಣ್ಣವನ್ನು ಸೋಸುವುದು ಇವತ್ತಿಗೂ ಮನೆಯ ಹಿತ್ತಿಲಿನಲ್ಲಿ, ಅತ್ತೆಯ ಉಸ್ತುವಾರಿಯಲ್ಲಿ. ಬೆಂದ ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಏಳುವ ಬಿಸಿ, ಆ ಬುಸುಬುಸು ಸದ್ದು, ತಿಳಿ ನಿಲ್ಲುವ ತನಕ ಮುಟ್ಟದೆ ಇರುವ ತಾಳ್ಮೆ ಎಲ್ಲವೂ ಅವರಿಗೆ ಗೊತ್ತು. ಇಂಥ ಮನೆಯವರಿಗೆ ಡಾಕ್ಟರು ಕ್ಯಾಲ್ಸಿಯಂ ಎಂಬ ಮಾತು ಆಡಿದ್ದು.

ಮೊದಲನೆಯ ಸಲ ಕೈಗೂಡದೆ ಹೋದ ಮೇಲೆ ಡಾಕ್ಟರನ್ನು ನೋಡಲು ನಾವು ಮೂವರು ಹೋಗಿದ್ದೆವು: ತಂಗಿ, ಅವಳ ಗಂಡ, ನಾನು. ಡಾಕ್ಟರು ನನ್ನ ವಯಸ್ಸಿನವರೇ, ಬಸವನಗುಡಿಯಲ್ಲೇ ಹುಟ್ಟಿ ಬೆಳೆದವರು. ಪಟಪಟ ಮಾತು.

"ಇಲ್ಲಿ ನೋಡಿ, ಎಗ್ ಅನ್ನೋದು ಕಾಯ್ತಾ ಕೂತಿರುತ್ತೆ. ಸ್ಪರ್ಮ್ ಒಳಗೆ ಬಂದ ತಕ್ಷಣ ಅದಕ್ಕೆ ತಾನಾಗೇ ಗೊತ್ತಾಗಲ್ಲ. ಯಾರಾದ್ರೂ ಹೇಳ್ಬೇಕು, ಬಂದಾಯ್ತು, ಶುರು ಮಾಡು ಅಂತ. ಹಾಗೆ ಹೇಳೋದು ಕ್ಯಾಲ್ಸಿಯಂ."

"ಮೂಳೆಗೆ ಇರೋದಲ್ವಾ ಅದು?" ಎಂದೆ ನಾನು.

"ಎಲ್ರೂ ಇದನ್ನೇ ಕೇಳ್ತಾರೆ. ಮೂಳೇಲಿ ಇರೋದು ದಾಸ್ತಾನು. ನಾನು ಹೇಳ್ತಿರೋದು ಜೀವಕೋಶದ ಒಳಗಡೆ. ಗಾಂಧಿ ಬಜಾರಲ್ಲಿ ಹಬ್ಬದ ಹಿಂದಿನ ದಿನ ಹೋಗಿರ್ತೀರಿ. ನಿಮ್ ಪಕ್ಕ ಯಾರು ಬಂದ್ರು ಯಾರು ಹೋದ್ರು ನೋಡ್ತೀರಾ? ಅದೇ ನಿಮ್ಮ ಅಡುಗೆಮನೇಲಿ, ಗೊತ್ತಿಲ್ಲದೋರು ಒಬ್ರು ಬಂದು ನಿಂತ್ರೆ?"

"ಕಿರಚ್ಕೊಂಡ್ಬಿಡ್ತೀನಿ."

"ಮನೆ ಮಂದಿಯೆಲ್ಲ ಎದ್ದು ಬರ್ತಾರೆ ಅಲ್ವಾ? ಕೋಶದ ಹೊರಗಡೆ ಕ್ಯಾಲ್ಸಿಯಂ ಗಾಂಧಿ ಬಜಾರ್ ಥರ, ತುಂಬಿ ತುಳುಕ್ತಿರುತ್ತೆ. ಒಳಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಗಲೂ ರಾತ್ರಿ ಅದನ್ನ ಹೊರಗೆ ತಳ್ಳೋದೇ ಕೋಶದ ಕೆಲಸ. ಒಂಚೂರು ಒಳಗೊಂದು ಉಗ್ರಾಣದಲ್ಲಿ ಹಾಕಿ ಬಾಗಿಲು ಹಾಕಿರುತ್ತೆ. ಯಾಕೆ ಇಷ್ಟು ಕಷ್ಟ ಪಡುತ್ತೆ? ಖಾಲಿ ಇದ್ರೆ ತಾನೇ ಒಂಚೂರು ಬಂದ್ರೂ ಸುದ್ದಿ ಆಗೋದು."

ಅವರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ಒಂದು ವಿಡಿಯೋ ತೋರಿಸಿದರು. ಯಾವುದೋ ಪ್ರಾಣಿಯ ಅಂಡವಂತೆ. ಕ್ಯಾಲ್ಸಿಯಂ ಇದ್ದಲ್ಲಿ ಬೆಳಗುವ ಬಣ್ಣವನ್ನು ಅದರೊಳಗೆ ಬಿಟ್ಟಿದ್ದರಂತೆ. ಕಪ್ಪು ಪರದೆಯ ಮೇಲೆ ದುಂಡಗೆ, ಮಂಕಾಗಿ ಒಂದು ಗೋಲ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಅಂಚಿನಲ್ಲಿ ಬೆಳಕು ಹುಟ್ಟಿತು. ಆ ಬೆಳಕು ಹಾಲು ಉಕ್ಕಿ ಬರುವಂತೆ ಈ ಕಡೆಯಿಂದ ಆ ಕಡೆಗೆ ಹಬ್ಬಿ, ಇಡೀ ಗೋಲ ತುಂಬಿ, ನೀರು ಚಿಮುಕಿಸಿದ ಹಾಗೆ ಇಳಿದುಹೋಯಿತು. ಮತ್ತೆ ಮಂಕು. ಮತ್ತೆ ಉಕ್ಕು. ಹೀಗೆ ಗಂಟೆಗಟ್ಟಲೆ ನಡೆಯುತ್ತದಂತೆ. ಒಂದು ಸಲ ಹೇಳಿದರೆ ಅಂಡಕ್ಕೆ ಸಾಲದು. ಮತ್ತೆ ಮತ್ತೆ ಹೇಳಬೇಕು. ಆಗ ಅದು ಎದ್ದು, ತಾಯಿಯದೊಂದು ತಂದೆಯದೊಂದು ಎಂದು ಎರಡು ಪುಟ್ಟ ಬಳೆಗಳನ್ನು ಒಳಗೆ ಕಟ್ಟಿಕೊಳ್ಳುತ್ತದೆ. ಮಾರನೆಯ ಬೆಳಿಗ್ಗೆ ಲ್ಯಾಬಿನವರು ಹುಡುಕುವುದು ಆ ಎರಡು ಬಳೆಗಳನ್ನೇ.

ತಂಗಿ ಪರದೆಯಿಂದ ಕಣ್ಣು ಕೀಳದೆ, "ನಂದ್ರಲ್ಲಿ ಇದು ಆಗ್ಲಿಲ್ಲ" ಎಂದಳು.

"ಆಗಿಲ್ಲ ಅನ್ಸುತ್ತೆ. ಮಾಮೂಲಿ ಲ್ಯಾಬಲ್ಲಿ ಇದನ್ನ ಕಣ್ಣಲ್ಲಿ ನೋಡಕ್ಕಾಗಲ್ಲ, ಊಹೆ ಮಾಡ್ತೀವಿ."

"ಯಾಕೆ ಆಗಲ್ಲ?"

ಡಾಕ್ಟರು ಈಗ ಸ್ವಲ್ಪ ನಿಧಾನಿಸಿದರು. "ಉಗ್ರಾಣದ ಬಾಗಿಲು ತೆಗೆಸೋ ಒಂದು ಪ್ರೋಟೀನ್ ಇರುತ್ತೆ. ಕೀಲಿ ಅಂದ್ಕೊಳಿ. ಅದನ್ನ ತರಬೇಕಾದ್ದು ಸ್ಪರ್ಮ್. ಕೆಲವರಲ್ಲಿ ನೋಡಕ್ಕೆ ಸ್ಪರ್ಮ್ ಚೆನ್ನಾಗೇ ಇರುತ್ತೆ, ಕೀಲಿ ಮಾತ್ರ ಇರಲ್ಲ. ಇನ್ನು ಕೆಲವು ಸಲ ಎಗ್ಗಿಗೇ ಕೇಳಿಸಲ್ಲ. ಹೆಚ್ಚಾಗಿ ಮೊದಲನೇದು. ನಿಮ್ಮದು ಯಾವ್ದು ಅಂತ ಖಂಡಿತವಾಗಿ ಹೇಳಕ್ಕೆ ನನ್ನಿಂದ ಆಗಲ್ಲ."

ತಂಗಿಯ ಗಂಡ ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ನೋಡುತ್ತಿದ್ದರು. ಮುಂದಿನ ಸಲ ಅಂಡಗಳನ್ನು ಸ್ವಲ್ಪ ಹೊತ್ತು ಒಂದು ದ್ರಾವಣದಲ್ಲಿ ಇಡುತ್ತೇವೆ, ಅದು ಕ್ಯಾಲ್ಸಿಯಂ ಒಳಗೆ ನುಗ್ಗುವ ಹಾಗೆ ಮಾಡುತ್ತದೆ, ಕೆಲವರಿಗೆ ಇದರಿಂದ ಫಲಿಸಿದೆ ಎಂದು ಡಾಕ್ಟರು ಹೇಳಿದರು. ಬರುವಾಗ ಆಟೋದಲ್ಲಿ ಮೂವರೂ ಒತ್ತಿಕೊಂಡು ಕೂತಿದ್ದೆವು. ಮಕ್ಕಳ ಕೂಟ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ ಆತ ಬಾಯಿ ಬಿಟ್ಟರು.

"ಅಮ್ಮಂಗೆ ಕ್ಯಾಲ್ಸಿಯಂ ಕಮ್ಮಿ ಅಂತೆ ಅಂತ ಹೇಳಣ. ಅಷ್ಟು ಸಾಕು ಅವರಿಗೆ."

ತಂಗಿ ಹೊರಗೆ ನೋಡುತ್ತಾ, "ಹೇಳಿ" ಎಂದಳು.

ಅಷ್ಟು ಸಾಕಾಯಿತು. ಸುದ್ದಿ ಕೇಳಿ ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತರು. "ಕ್ಯಾಲ್ಸಿಯಂ ಅಂದ್ರೆ ಸುಣ್ಣ ತಾನೇ? ಈ ಬೆಂಗಳೂರಲ್ಲಿ ಅರ್ಧ ಗೋಡೆಗೆ ಸುಣ್ಣ ಕೊಟ್ಟೋರು ನಾವು. ನಮ್ಮನೆ ಸೊಸೆಗೆ ಸುಣ್ಣಕ್ಕೆ ಬರಾನಾ? ಯಾರಾದ್ರೂ ಕೇಳಿದ್ರೆ ನಗ್ತಾರೆ ಕಣಮ್ಮ!"

ಮಾರನೆಯ ದಿನದಿಂದಲೇ ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ರಾಗಿ ಅಂಬಲಿ. ಹತ್ತು ಗಂಟೆಗೆ ಎಳ್ಳುಂಡೆ, ಡಬ್ಬಿಯಲ್ಲಿ ಕಟ್ಟಿ ಶಾಲೆಗೆ. ಮಧ್ಯಾಹ್ನದ ಪಲ್ಯಕ್ಕೆ ನುಗ್ಗೆಸೊಪ್ಪು. ಸಂಜೆ ದೊಡ್ಡ ಲೋಟದಲ್ಲಿ ಹಾಲು, ಕೆನೆ ತೆಗೆಯದೆ. ಊಟವಾದ ಮೇಲೆ ವೀಳ್ಯದೆಲೆ, ಅದಕ್ಕೆ ಕಾಣುವಷ್ಟು ಸುಣ್ಣ. ಹಿಂದೆ ಬಾಣಂತಿಯರಿಗೆ ಹೀಗೇ ಕೊಡುತ್ತಿದ್ದುದು, ಅದರ ಲೆಕ್ಕದಲ್ಲೇ ಇದೂ. ಎಲೆಗೆ ಸುಣ್ಣ ಹೆಚ್ಚಾಗಿ ಒಂದು ದಿನ ತಂಗಿಯ ನಾಲಿಗೆ ಬೆಂದುಹೋಯಿತು. ತರಗತಿಯಲ್ಲಿ ಲೆಕ್ಕ ಹೇಳಿಕೊಡುತ್ತ ತೊದಲಿದಳಂತೆ, ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರಂತೆ.

ಇದು ಹೆಚ್ಚಾಯಿತು ಎಂದು ನನಗೆ ಅನ್ನಿಸಿದ್ದು, ಅತ್ತೆ ಹಿತ್ತಿಲಿನ ಸುಣ್ಣದ ತಿಳಿಯನ್ನು ಮಜ್ಜಿಗೆಗೆ ಬೆರೆಸಿ ಕೊಡುತ್ತಿರುವುದನ್ನು ಕಂಡ ದಿನ. ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಅವರು ನನಗೇ ಬೈದರು. "ಅವರೇನು ಗೋಡೇನಾ? ಇವತ್ತೇ ನಿಲ್ಲಿಸಿ. ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಆದ್ರೂ ಅಪಾಯ. ಊಟ ಮಾಡಿದ್ದು ಎಗ್ ಒಳಗೆ ಹೋಗಿ ಅಲೆ ಎಬ್ಬಿಸಲ್ಲ ರೀ!" ಸುಣ್ಣದ ತಿಳಿ ನಿಂತಿತು, ಎಲೆಯೂ ನಿಂತಿತು. ಅಂಬಲಿ, ಎಳ್ಳು, ಸೊಪ್ಪು, ಹಾಲು ನಡೆದೇ ಇದ್ದವು.

"ನಿಮ್ಮತ್ತೆಗೆ ಇದ್ದಿದ್ದನ್ನ ಇದ್ದ ಹಾಗೆ ಹೇಳ್ಬಿಡಬಾರ್ದಾ?" ಎಂದು ತಂಗಿಯನ್ನು ಒಮ್ಮೆ ಕೇಳಿದೆ. "ಕೀಲಿ ನಿನ್ ಗಂಡನ ಕಡೆಯಿಂದ ಬರ್ಬೇಕು ಅಂತ. ನೀನ್ಯಾಕೆ ಹೀಗೆ ಎಲ್ಲಾ ನುಂಗ್ತಿದೀಯ?"

ಅವಳು ಲೋಟದ ತಳದ ಹಾಲನ್ನು ಅಲ್ಲಾಡಿಸುತ್ತಾ ಹೇಳಿದಳು: "ಹೇಳೋದಾದ್ರೆ ಅವರೇ ಹೇಳ್ಲಿ. ಮತ್ತೆ ಅತ್ತೆಗೂ ಏನಾದ್ರೂ ಮಾಡ್ಬೇಕು ಅಂತಿರುತ್ತಲ್ಲಕ್ಕಾ. ನಾವಾದ್ರೂ ಆಸ್ಪತ್ರೆಗೆ ಹೋಗಿ ಬರ್ತೀವಿ, ಬ್ಲಡ್ ಕೊಡ್ತೀವಿ. ಅವರು ಏನ್ ಮಾಡ್ಬೇಕು? ಒಂದು ಲೋಟ ಹಾಲು ಕುಡಿದ್ರೆ ನನಗೇನು ಕಮ್ಮಿ ಆಗಲ್ಲ."

ಅದಾದ ಮೇಲೆ ನಾನೂ ಸುಮ್ಮನಾದೆ. ಬರುವಾಗ ಗಾಂಧಿ ಬಜಾರಿನಿಂದ ಎಳೆ ನುಗ್ಗೆಸೊಪ್ಪು ಸಿಕ್ಕರೆ ನಾನೇ ತಂದುಕೊಡುತ್ತಿದ್ದೆ.

ಹೀಗೆ ಬಂದದ್ದು ಫೋನು ಕಾಯುವ ಆ ದಿನ. ತಂಗಿ ಒಳಕೋಣೆಯಲ್ಲಿ ಮಂಚದ ಮೇಲೆ ಬಿಸಿನೀರಿನ ಬ್ಯಾಗನ್ನು ಹೊಟ್ಟೆಗೆ ಅವುಚಿಕೊಂಡು ಮಲಗಿದ್ದಳು. ಫೋನು ಅವಳ ದಿಂಬಿನ ಪಕ್ಕದಲ್ಲಿ, ಬೆನ್ನು ಮೇಲಾಗಿ ಇತ್ತು. ಮಂಚದ ಕೆಳಗೆ ಚಾಪೆಯ ಮೇಲೆ ಕೂತು ನಾನು ಸೀರೆಯ ಸೆರಗನ್ನು ತೊಡೆಯ ಮೇಲೆ ಹರವಿಕೊಂಡಿದ್ದೆ. ಅತ್ತೆ ಬಾಗಿಲಿಗೂ ಅಡುಗೆಮನೆಗೂ ತಿರುಗುತ್ತಿದ್ದರು. ಸ್ನಾನ ಮುಗಿಸಿ ಹಣೆಗೆ ವಿಭೂತಿ ಇಟ್ಟುಕೊಂಡಿದ್ದರು. ಪೂಜೆಗೆ ಮಾತ್ರ ಕೂತಿರಲಿಲ್ಲ. ಸುದ್ದಿ ತಿಳಿದ ಮೇಲೆ ನೆಮ್ಮದಿಯಿಂದ ಕೂರುತ್ತೇನೆ ಎಂದರು. ಪೂಜೆ ಇಲ್ಲ ಎಂದರೆ ಕಾಫಿಯೂ ಇಲ್ಲ.

ಹನ್ನೊಂದರ ಹೊತ್ತಿಗೆ ಫೋನು ಬಂತು. ತಂಗಿ ಎದ್ದು ಕೂತಳು. ಲ್ಯಾಬಿನ ಹುಡುಗಿಯ ದನಿ ನನಗೂ ಕೇಳಿಸುತ್ತಿತ್ತು, ಮೆಲ್ಲಗಿತ್ತು.

"ಮೇಡಂ, ಬೆಳಿಗ್ಗೆ ಚೆಕ್ ಮಾಡಿದ್ವಿ. ಇನ್ನೂ ಯಾವುದ್ರಲ್ಲೂ ಕಾಣಿಸ್ತಿಲ್ಲ. ಕೆಲವು ಸಲ ಲೇಟಾಗುತ್ತೆ. ಮಧ್ಯಾಹ್ನ ಇನ್ನೊಂದು ಸಲ ನೋಡಿ ಹೇಳ್ತೀವಿ, ಆಯ್ತಾ?"

"ಆಯ್ತು" ಎಂದಳು ತಂಗಿ. ಫೋನನ್ನು ಮತ್ತೆ ಬೆನ್ನು ಮೇಲೆ ಮಾಡಿ ಇಟ್ಟಳು.

ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನ ಮುಖ ನೋಡಿದರು. "ಏನಂತೆ?"

"ಇನ್ನೂ ಗೊತ್ತಾಗಿಲ್ವಂತೆ ಅತ್ತೆ. ಮಧ್ಯಾಹ್ನ ಹೇಳ್ತಾರಂತೆ" ಎಂದೆ.

"ಸರಿ ಮತ್ತೆ. ಕಾಳು ನೆನೆಯಕ್ಕೂ ಹೊತ್ತು ಬೇಕು" ಎಂದು ಒಳಗೆ ಹೋದವರು, ಒಂದು ಲೋಟ ಹಾಲು ತಂದರು. ತಂಗಿ ಕುಡಿದಳು. ಅಂಡಗಳು ಈಗ ಅವಳ ಹೊಟ್ಟೆಯಲ್ಲಿಲ್ಲ, ಊರಿನ ಇನ್ನೊಂದು ಮೂಲೆಯಲ್ಲಿ ಒಂದು ಗಾಜಿನ ತಟ್ಟೆಯಲ್ಲಿವೆ, ಈ ಹಾಲು ಅಲ್ಲಿಗೆ ಮುಟ್ಟುವ ದಾರಿಯೇ ಇಲ್ಲ. ಅದು ಅತ್ತೆಗೂ ಗೊತ್ತಿತ್ತು ಎಂದೇ ನನಗೆ ಈಗ ಅನ್ನಿಸುತ್ತದೆ.

ಕುಚ್ಚು ಕಟ್ಟುವುದು ನನಗೆ ಕಣ್ಣು ಮುಚ್ಚಿಕೊಂಡು ಬರುವ ಕೆಲಸ. ಸೆರಗಿನ ಎಳೆಗಳನ್ನು ಸೇರಿಸು, ದಾರ ಸುತ್ತು, ಗಂಟು ಬಿಗಿ, ಕತ್ತರಿಸು. ಆವತ್ತು ಮಾತ್ರ ಬೆರಳುಗಳ ಮೇಲೇ ಕಣ್ಣು ಹೋಗುತ್ತಿತ್ತು. ಸ್ನಾಯು ಬಿಗಿಯುವುದೂ ಇದೇ ಕ್ಯಾಲ್ಸಿಯಂನಿಂದ ಎಂದು ಡಾಕ್ಟರು ವಿಡಿಯೋ ತೋರಿಸಿದ ದಿನವೇ ಹೇಳಿದ್ದರು. ಕೈ ಮಡಿಚಿದರೂ ಅದೇ, ಎದೆ ಬಡಿದರೂ ಅದೇ. ಉಗ್ರಾಣದಿಂದ ಹೊರಗೆ ಬರುತ್ತದೆ, ಸ್ನಾಯು ಬಿಗಿಯುತ್ತದೆ. ವಾಪಸ್ಸು ಒಳಗೆ ಹೋಗುತ್ತದೆ, ಸಡಿಲವಾಗುತ್ತದೆ. ಒಂದೊಂದು ಗಂಟಿಗೂ ನನ್ನ ಬೆರಳೊಳಗೆ ಹೀಗೆ ಎಷ್ಟು ಸಲ ಬಂದು ಹೋಯಿತೋ. ನಾನು ಕೇಳಿಕೊಂಡಿರಲಿಲ್ಲ, ಹಾಲು ಕುಡಿದಿರಲಿಲ್ಲ. ಗೋಡೆಯ ಮೇಲೆ ಹರಿಯುತ್ತಿದ್ದ ಇರುವೆಯ ಕಾಲಿನಲ್ಲೂ, ಎದುರು ಮನೆಯ ಬಾಲ್ಕನಿಯಲ್ಲಿ ಕುಕ್ಕುತ್ತಿದ್ದ ಪಾರಿವಾಳದ ಕತ್ತಿನಲ್ಲೂ ಅದು ಎಡಬಿಡದೆ ನಡೆಯುತ್ತಿತ್ತು. ಎಲ್ಲರಿಗೂ ಪುಕ್ಕಟೆ ಸಿಗುವ ಇದು, ಬೇಕೆಂದು ಬೇಡಿಕೊಂಡ ಒಂದೇ ಒಂದು ಕಡೆ ಆಗದೆ ಹೋದರೆ ಯಾರನ್ನು ಕೇಳುವುದು? ಗಂಟು ಸಡಿಲವಾಯಿತು. ಬಿಚ್ಚಿ ಮತ್ತೆ ಕಟ್ಟಿದೆ.

ಊಟದ ಹೊತ್ತಿಗೆ ತಂಗಿಯ ಗಂಡ ಅಂಗಡಿಯಿಂದ ಬಂದರು. ಚಪ್ಪಲಿ ಬಿಡುತ್ತಲೇ ನನ್ನನ್ನು ಕಣ್ಣಲ್ಲೇ ಹಿತ್ತಿಲಿಗೆ ಕರೆದರು. ಅಲ್ಲಿ ಸುಣ್ಣ ನೆನೆಸುವ ಕಲ್ಲುಬಾನಿಯ ಪಕ್ಕ ನಿಂತು, ಅಂಗೈಗೆ ಅಂಟಿದ್ದ ಯಾವುದೋ ನೀಲಿ ಬಣ್ಣವನ್ನು ಉಗುರಿನಲ್ಲಿ ಕೆರೆಯುತ್ತಾ ಕೇಳಿದರು.

"ಅಕ್ಕಾ, ಅವಳು ಏನಂತಾಳೆ?"

"ಏನೂ ಅಂದಿಲ್ಲ. ಮಧ್ಯಾಹ್ನ ಫೋನ್ ಬರುತ್ತೆ."

"ಅಂಗಡೀಲಿ ಕೂತ್ಕೊಳಕ್ಕಾಗ್ಲಿಲ್ಲ. ಒಬ್ಬರು ಕೆಂಪು ಕೇಳಿದ್ರೆ ನೀಲಿ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದೀನಿ." ನಗಲು ನೋಡಿದರು. "ನಿಮ್ಗೆ ಗೊತ್ತಲ್ಲ, ಡಾಕ್ಟರು ಹೇಳಿದ್ದು. ಕೀಲಿ ನಾನು ತರಬೇಕಿತ್ತು. ಅದೊಂದು ಕೆಲಸ ನಂದು. ಸೂಜಿ ಎಲ್ಲಾ ಅವಳಿಗೆ, ಹಾಲು ಎಲ್ಲಾ ಅವಳಿಗೆ."

"ಖಂಡಿತ ಹೇಳಕ್ಕಾಗಲ್ಲ ಅಂದ್ರಲ್ಲ ಅವರು."

"ಖಂಡಿತ ಅಂದಿದ್ರೇ ಚೆನ್ನಾಗಿರ್ತಿತ್ತು ಅಕ್ಕಾ."

ಒಣಗಿದ ಟವಲನ್ನು ತಂತಿಯಿಂದ ತೆಗೆದು ಅವರ ಕೈಗೆ ಕೊಟ್ಟೆ. ಅಂಗೈ ಒರೆಸಿಕೊಂಡು ಅದನ್ನು ವಾಪಸ್ಸು ಕೊಟ್ಟರು. ಟವಲಿಗೆ ನೀಲಿ ಹತ್ತಿತು.

ಹೊತ್ತು ಮೀರಿತು. ಮೂರಾದರೂ ಫೋನಿಲ್ಲ. ಪೂಜೆಯಿಲ್ಲದೆ, ಊಟವಿಲ್ಲದೆ ಅತ್ತೆಯ ಮುಖ ಬಾಡಿಹೋಗಿತ್ತು. ಅವರಿಗೆ ಸಕ್ಕರೆ ಕಾಯಿಲೆ ಬೇರೆ. "ನೀವು ಪೂಜೆ ಮುಗಿಸಿ ಅತ್ತೆ, ಫೋನ್ ಬಂದ್ರೆ ನಾವಿದೀವಲ್ಲ" ಎಂದು ತಂಗಿಯೇ ಮಂಚದಿಂದ ಗದರಿದಳು. "ತಲೆ ತಿರುಗಿ ಬಿದ್ರೆ ಇವರು ನಿಮ್ಮನ್ನ ಎತ್ಕೊಂಡು ಓಡ್ಬೇಕಾ, ನನ್ನನ್ನಾ?"

"ನನ್ನ ಎತ್ತೋಷ್ಟು ಶಕ್ತಿ ಎಲ್ಲಿದೆ ಅವನಿಗೆ" ಎಂದು ಗೊಣಗುತ್ತ ಅವರು ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂತರು. ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯ ಮೇಲಿಟ್ಟುಕೊಂಡರು. ವಿಭೂತಿ ಹಚ್ಚಿದರು. ಬಿಲ್ವದೆಲೆ ಇಟ್ಟರು. ಲಿಂಗ ಅಂಗೈ ಮೇಲೆ ಇರುವಾಗ ಅವರು ಮಾತಾಡುವುದಿಲ್ಲ, ಏಳುವುದಿಲ್ಲ. ಕಣ್ಣು ಅದರ ಮೇಲೇ.

ಆಗಲೇ ಫೋನು ಹೊಡೆದುಕೊಂಡಿತು.

ತಂಗಿ ತಾನು ತೆಗೆಯಲಿಲ್ಲ. ಗಂಡನ ಕಡೆಗೆ ತಳ್ಳಿದಳು. ಆತ ಅದನ್ನು ಸ್ಪೀಕರಿಗೆ ಹಾಕಿದರು. ಕೋಣೆಯ ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಕೂತ ಅತ್ತೆಯ ಬೆನ್ನು ನನಗೆ ಕಾಣುತ್ತಿತ್ತು.

ಈ ಸಲ ಮಾತಾಡಿದ್ದು ಡಾಕ್ಟರೇ. "ಇನ್ನೊಂದು ಸಲ ಎಲ್ಲಾನೂ ನಾನೇ ನಿಂತು ನೋಡ್ದೆ. ಯಾವುದೂ ಫಲಿಸಿಲ್ಲಮ್ಮ. ನನಗೆ ತುಂಬಾ ಬೇಜಾರಾಗಿದೆ."

"ಆ ದ್ರಾವಣ?" ಎಂದರು ತಂಗಿಯ ಗಂಡ.

"ಹಾಕಿದ್ವಿ. ಕ್ಯಾಲ್ಸಿಯಂ ಒಳಗೆ ಹೋಗಿರುತ್ತೆ. ಆದ್ರೂ ಎಗ್ ಏಳಲಿಲ್ಲ."

"ಹಾಗಾದ್ರೆ ಅದು... ಯಾರ ಕಡೆಯಿಂದ..."

"ಅದೇ ಗೊತ್ತಾಗ್ತಿಲ್ಲ. ನಾನು ಕೀಲಿ ಅಂದಿದ್ದೆ. ಕೀಲಿ ಕೊರತೆ ಒಂದೇ ಆಗಿದ್ರೆ ಈ ದ್ರಾವಣಕ್ಕೆ ಫಲಿಸ್ಬೇಕಿತ್ತು. ಒಳಗಡೆ ಬೇರೆ ಏನಿದೆಯೋ. ಸುಳ್ಳು ಹೇಳೋದು ಬೇಡ, ನನಗೆ ಗೊತ್ತಿಲ್ಲ. ಸುಧಾರಿಸ್ಕೊಂಡು ಬನ್ನಿ, ಮಾತಾಡಣ."

ಫೋನು ನಿಂತಿತು. ತಂಗಿ ಬಿಸಿನೀರಿನ ಬ್ಯಾಗನ್ನು ಹೊಟ್ಟೆಯ ಮೇಲಿಂದ ತೆಗೆದು ಮಂಚದ ಕೆಳಗೆ ಇಳಿಬಿಟ್ಟಳು. "ಆರ್ಹೋಗಿದೆ ಅಕ್ಕಾ ಇದು" ಎಂದಳು. ತೆಗೆದುಕೊಂಡೆ, ನಿಜವಾಗಿಯೂ ತಣ್ಣಗಾಗಿತ್ತು. ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತೆ.

ನಡುಮನೆಯಲ್ಲಿ ಅತ್ತೆ ಅಲ್ಲಾಡಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಲಿಂಗ ಹಿಡಿದ ಎಡಗೈಗೆ ಬಲಗೈಯನ್ನು ಆಸರೆಯಾಗಿ ಕೊಟ್ಟುಕೊಂಡರು. ಅಂದಿನ ಪೂಜೆಯನ್ನು ಅವರು ಅರ್ಧಕ್ಕೆ ಬಿಡಲಿಲ್ಲ, ಬೇಗ ಮುಗಿಸಲೂ ಇಲ್ಲ. ಎಂದಿನಷ್ಟೇ ಹೊತ್ತು ಕೂತರು. ನಾವು ಮೂವರು ಕೋಣೆಯೊಳಗೆ ಅವರು ಏಳುವುದನ್ನೇ ಕಾಯುತ್ತಿದ್ದೆವು, ಅವರು ಎದ್ದು ಬಂದರೆ ಏನೋ ಆಗುತ್ತದೆ ಎನ್ನುವ ಹಾಗೆ.

ಲಿಂಗವನ್ನು ಕರಡಿಗೆಗೆ ಸೇರಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದವರು ಸೊಸೆಯ ಕಾಲ ಬಳಿ ಕೂತರು.

"ಹೋಗ್ಲಿ ಬಿಡು. ಮೈಯಲ್ಲಿ ಇನ್ನೂ ಸಾಲದು ಅಷ್ಟೆ. ಎರಡು ತಿಂಗಳು ಏನ್ ಮಹಾ ತಿಂದಿದೀಯ? ನಾಳೆಯಿಂದ ಎರಡು ಹೊತ್ತೂ ಅಂಬಲಿ ಮಾಡ್ತೀನಿ."

"ಅಮ್ಮಾ" ಎಂದರು ಮಗ.

"ನೀನ್ ಸುಮ್ನಿರೋ. ಗಂಡಸರಿಗೆ ಇದೆಲ್ಲ ತಿಳಿಯಲ್ಲ."

"ಅಮ್ಮಾ, ಅವಳಿಗೆ ಕ್ಯಾಲ್ಸಿಯಂ ಕಮ್ಮಿ ಅಂತ ಡಾಕ್ಟರು ಹೇಳೇ ಇರ್ಲಿಲ್ಲ. ನಾನು ಹೇಳಿದ್ದು ಅದು. ಕೊರತೆ ನನ್ನ ಕಡೆದು ಇರಬಹುದು ಅಂದಿದ್ರು ಅವರು. ಹೆಚ್ಚಾಗಿ ನಂದೇ ಅಂದಿದ್ರು."

ಅತ್ತೆ ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಸೊಸೆಯ ಪಾದದ ಮೇಲಿದ್ದ ಕೈ ಅಲ್ಲೇ ನಿಂತಿತು. ಬೈಯುತ್ತಾರೆ ಎಂದುಕೊಂಡೆ. ಆ ಮನೆಯಲ್ಲಿ ಅವರ ಬೈಗುಳಕ್ಕೆ ಬೀದಿಯೇ ತಿರುಗಿ ನೋಡುತ್ತದೆ. ಆದರೆ ಅವರು ಬಹಳ ಸಣ್ಣ ದನಿಯಲ್ಲಿ ಕೇಳಿದರು:

"ಹಂಗಾದ್ರೆ, ನಿಂಗೆ ಕೊಟ್ಟಿದ್ರೆ ಆಗ್ತಿತ್ತೇನೋ?"

ಮಗ ಅಂಗೈಯಲ್ಲಿ ಉಳಿದಿದ್ದ ನೀಲಿಯನ್ನು ಕೆರೆದರು.

"ಹೇಳೋ. ಅಂಬಲಿ ನೀನು ಕುಡಿದಿದ್ರೆ ಆಗ್ತಿತ್ತಾ?"

"ಇಲ್ಲಮ್ಮ. ಕುಡಿಯೋದ್ರಿಂದ ಆಗೋದಲ್ಲ ಅದು. ಯಾರು ಕುಡಿದ್ರೂ ಅಷ್ಟೆ."

"ಹಾಗಂತ ಮೊದ್ಲೇ ಹೇಳ್ಬೇಕೋ ಬೇಡ್ವೋ? ಇವಳ ನಾಲಿಗೆ ಸುಟ್ಟೆನಲ್ಲೋ ನಾನು." ಈಗ ಅವರ ದನಿ ಒಡೆಯಿತು. "ಬಾಯಿ ಬೆಂದ್ರೂ ಇವಳು ಒಂದು ಮಾತು ಹೇಳ್ಲಿಲ್ಲವಲ್ಲೋ."

ತಂಗಿ ಎದ್ದು ಕೂತು ಅತ್ತೆಯ ಕೈ ಹಿಡಿದುಕೊಂಡಳು. "ನೀವು ಅಳ್ಬೇಡಿ ಅತ್ತೆ. ಈಗ ಅವರದೂ ಅಲ್ಲ ಅಂತಿದಾರೆ, ನಂದೂ ಅಲ್ಲ ಅಂತಿದಾರೆ. ಯಾರದು ಅಂತ್ಲೇ ಗೊತ್ತಿಲ್ವಂತೆ. ಯಾರನ್ನ ಬೈತೀರಿ?"

ಬೈಯಲು ಯಾರಾದರೂ ಸಿಕ್ಕಿದ್ದರೆ ಆವತ್ತು ಆ ಮನೆಯಲ್ಲಿ ಎಲ್ಲರಿಗೂ ಒಂದು ಕೆಲಸ ಇರುತ್ತಿತ್ತು. ಏಳು ಗೋಲಗಳು ಮಂಕಾಗಿ, ಎಂದಿನಂತೆ ಕಾಯುತ್ತಾ ಅಲ್ಲಿ ಕೂತಿದ್ದವು. ಸುದ್ದಿ ಒಳಗೆ ಹೋಗಿತ್ತು, ಅವು ಕೇಳಿಸಿಕೊಳ್ಳಲಿಲ್ಲ. ಅವುಗಳ ಕಿವಿಗೆ ಬಾಯಿಟ್ಟು ಕೂಗಲು ನಮ್ಮಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಲ್ಯಾಬಿನವರು ಅವನ್ನು ತೆಗೆದು ಹಾಕಿರುತ್ತಾರೆ ಎಂದು ತಂಗಿಯೇ ಹೇಳಿದಳು. ಎಲ್ಲಿ ಹಾಕುತ್ತಾರೆ ಎಂದು ನಾನು ಕೇಳಲಿಲ್ಲ.

ಅಡುಗೆಮನೆಗೆ ಹೋದೆ. ಬೆಳಗಿನಿಂದ ಸರಿಯಾಗಿ ಯಾರೂ ಉಂಡಿರಲಿಲ್ಲ. ಅನ್ನಕ್ಕಿಟ್ಟೆ. ಬಿಡಿಸಿಟ್ಟಿದ್ದ ಮೆಂತ್ಯದ ಸೊಪ್ಪನ್ನು ತೊಗರಿಬೇಳೆಯ ಜೊತೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ. ಅಕ್ಕಿ ಸಂಡಿಗೆ ಕರಿದೆ. ಇನ್ನೂ ಬೆಳಕಿರುವಾಗಲೇ ನಡುಮನೆಯಲ್ಲಿ ತಟ್ಟೆ ಹಾಕಿದೆ. ತಂಗಿ ಎದ್ದು ಬಂದು ಗೋಡೆಗೊರಗಿ ಕೂತು ಎರಡು ಸಲ ಹಾಕಿಸಿಕೊಂಡು ಉಂಡಳು. "ಉಪ್ಪು ಕಮ್ಮಿ" ಎಂದಳು. ಅತ್ತೆ ಎರಡು ತುತ್ತು ತಿಂದು, ಸಂಡಿಗೆಯನ್ನು ಮುರಿದು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು, ಆಮೇಲೆ ಒಂದೊಂದಾಗಿ ತಿಂದರು. ಆಕೆಯ ಮಗ ಅನ್ನ ಕಲಸಿದರು, ಉಣ್ಣಲಿಲ್ಲ, ಕೈ ತೊಳೆದುಕೊಂಡು ಬಂದು ಚಾಪೆಯ ಮೇಲೆ ಮಲಗಿ ಮೊಣಕೈಯನ್ನು ಕಣ್ಣಿಗೆ ಅಡ್ಡ ಇಟ್ಟುಕೊಂಡರು. ಅಳುತ್ತಿದ್ದಾರೆ ಎಂದು ನಾವು ಮೂವರೂ ತಟ್ಟೆಯ ಸದ್ದು ಮಾಡದೆ, ಆ ಕಡೆ ನೋಡದೆ ಕೂತೆವು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

"ಮಲಗಿಬಿಟ್ರಾ?" ಎಂದಳು ತಂಗಿ.

"ಹೂಂ" ಎಂದರು ಅತ್ತೆ. "ಫ್ಯಾನ್ ಹಾಕು."